ಒಂದು ಬೈಗುಳ, ಒಂದು ಸಲಾಮ್

ನನ್ನ ಮೊಮ್ಮಗಳು ಹೈದರಾಬಾದ್ ಬಿಟ್ಟು ನಮ್ಮ ಸುರಪುರಕ್ಕೆ ಬರುತ್ತಿದ್ದಾಳೆ. ಹಬ್ಬಕ್ಕಲ್ಲ, ರಜೆಗಲ್ಲ, ಇರುವುದಕ್ಕೆ! ಹಲ್ಲಿನ ಡಾಕ್ಟರ್ ಓದಿ ಅಲ್ಲಿ ಯಾರದೋ ದೊಡ್ಡ ದವಾಖಾನೆಯಲ್ಲಿ ಕೆಲಸಕ್ಕಿದ್ದವಳು ಈಗ ಇಲ್ಲಿ ತನ್ನದೇ ಒಂದನ್ನು ತೆರೆಯುತ್ತಾಳಂತೆ. "ಮುತ್ಯಾ, ನಾ ಸುರಪುರಕ್ಕ ಬರಾಕತ್ತೀನಿ, ಗಂಟುಮೂಟಿ ಕಟ್ಕೊಂಡು" ಅಂತ ಫೋನಿನಲ್ಲಿ ಹೇಳಿದ್ದೇ ತಡ, ನಾನು ಫೋನು ಕೈಯಲ್ಲಿ ಹಿಡಿದುಕೊಂಡೇ ನಮ್ಮ ಹಿಟ್ಟಿನ ಗಿರಣಿಯ ಬಾಗಿಲಿಗೆ ಓಡಿ ಬಂದು ಕೂಗಿ ಹೇಳಿದೆ. ಜೋಳ ಬೀಸಿಸಲು ಬಂದವರಿಗೆಲ್ಲ ಹೇಳಿ ಮುಗಿಯಿತು. ಆಮೇಲೆ ಬೀಸಿಸಲು ಬರದವರ ಮನೆಗೂ ಹೋಗಿ ಹೇಳಿ ಬಂದೆ. ನನಗೆ ಈ ವಯಸ್ಸಿನಲ್ಲಿ ಇಷ್ಟು ನಡೆಯಲು ಬರುತ್ತದೆ ಅಂತ ನನಗೇ ಗೊತ್ತಿರಲಿಲ್ಲ.

ಸಂತೋಷಪಟ್ಟವರಿಗಿಂತ ಅನುಮಾನಪಟ್ಟವರೇ ಹೆಚ್ಚು. ಡಬ್ಬಿ ಹಿಡಿದು ನಿಂತಿದ್ದ ಹೆಣ್ಣುಮಗಳೊಬ್ಬಳು, "ಅಯ್ಯ, ಯಾಕ್ರಿ? ಅಲ್ಲಿ ಏನಾತು?" ಅಂದಳು.

"ಏನೂ ಆಗಿಲ್ಲವ್ವಾ. ಆಕಿ ಮನಸ್ಸು ಮಾಡ್ಯಾಳ, ಬರಾಕತ್ತಾಳ."

"ಲಗ್ನ ಆಗೋ ಹುಡುಗಿ, ಅಂಥಾ ಊರ ಬಿಟ್ಟು ಇಲ್ಲಿಗ್ಯಾಕ ಬರ್ತದ? ನೀವರ ಬುದ್ಧಿ ಹೇಳ್ರಿ."

ನಾನು ಯಾವ ಬುದ್ಧಿಯೂ ಹೇಳಲಿಲ್ಲ, ಹೇಳುವುದೂ ಇಲ್ಲ. ದೊಡ್ಡ ಊರು ಬಿಟ್ಟು ಸಣ್ಣ ಊರಿಗೆ ಬಂದರೆ ಏನು ಸಿಗುತ್ತದೆ, ಏನು ಹೋಗುತ್ತದೆ ಅನ್ನುವುದನ್ನು ದಿನಾ ಸಂಜೆ ಬಿಡಿಸಿ ಹೇಳಿದವರೊಬ್ಬರು ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಬಾಡಿಗೆಗಿದ್ದರು. ಹೋದ ಮಳೆಗಾಲಕ್ಕೆ ಅವರು ತೀರಿಕೊಂಡು ಒಂದು ವರ್ಷವಾಯಿತು. ಮೊಮ್ಮಗಳೇ ಅಂದಳು: "ಕೇಳಿದವರಿಗೆಲ್ಲ ಬಾಯಿಲೆ ಎಷ್ಟು ಹೇಳ್ತಿ ಮುತ್ಯಾ, ಆಪಾನ ಬಗ್ಗಿ ಬರದು ಬಿಡು." ನಾನು ಓದಿದ್ದು ನಾಲ್ಕನೇ ತರಗತಿ. ಬರೆದದ್ದು ಅಂದರೆ ಗಿರಣಿಯ ಡಬ್ಬಿಗಳ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆದದ್ದು. ಆದರೂ ಹೊಟ್ಟೆಯಲ್ಲಿ ಇಷ್ಟು ಸಂತೋಷ ಇಟ್ಟುಕೊಂಡು ಸುಮ್ಮನೆ ಕೂರಲು ಆಗುವುದಿಲ್ಲ. ಬರೆಯುತ್ತೇನೆ.

ಊರೆಲ್ಲ ಅವರನ್ನು ಆಪಾ ಅನ್ನುತ್ತಿತ್ತು. ಉರ್ದು ಮಾತಾಡುವ ಮನೆಗಳಲ್ಲಿ ಅಕ್ಕನನ್ನು ಹಾಗೆ ಕರೆಯುತ್ತಾರೆ. ನನಗಿಂತ ಸಣ್ಣವರಾದರೂ ನಾನೂ ಆಪಾ ಅಂತಲೇ ಕರೆದೆ. ಅವರು ನನಗೆ ಅಣ್ಣಾ ಅಂದರು. ಕುಳ್ಳಗೆ ಗುಂಡಗೆ ಇದ್ದರು. ಸಲ್ವಾರಿನ ಮೇಲೆ ತೀರಿಹೋದ ಗಂಡನ ಉದ್ದ ತೋಳಿನ ಅಂಗಿ, ಓಢಣಿಯನ್ನು ಹೆಗಲಿನಿಂದ ಸೊಂಟಕ್ಕೆ ಅಡ್ಡ ಬಿಗಿದು ಒಂದು ಗಂಟು, ಕಾಲಲ್ಲಿ ಓಡುವವರ ಬೂಟು. ಈ ವೇಷದಲ್ಲಿ ಅವರು ಹೆಣ್ಣುಮಕ್ಕಳಿಗೆ ಸ್ಕೂಟಿ ಓಡಿಸುವುದನ್ನು ಕಲಿಸುತ್ತಿದ್ದರು. ಹೈದರಾಬಾದಿನ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಅದೇ ಕೆಲಸ ಮಾಡುತ್ತಿದ್ದವರು. ಗಂಡ ಹೋದ ಮೇಲೆ ಯಾದಗಿರಿಯ ತಮ್ಮನ ಮನೆಗೆ ಬಂದರು. ತಮ್ಮನ ಮೇಲೆ ಭಾರವಾಗುವುದು ಬೇಡವೆಂದು ಶಹಾಪುರಕ್ಕೆ ಬಂದರು. ಅಲ್ಲಿ ಮನೆ ಹೊಂದಲಿಲ್ಲ, ಸುರಪುರಕ್ಕೆ ಬಂದರು. ಕೋಣೆ ನೋಡಲು ಬಂದ ದಿನವೇ ಅವರ ಬಾಯಿ ನಮಗೆ ಗೊತ್ತಾಯಿತು.

"ಹೈದರಾಬಾದಿಂದ ಯಾದಗಿರಿ, ಯಾದಗಿರಿಯಿಂದ ಶಹಾಪುರ, ಶಹಾಪುರದಿಂದ ಇಲ್ಲಿ. ಊರು ಸಣ್ಣದಾಗ್ಕೋತ ಹೊಂಟಾವ ಅಣ್ಣಾ. ನೀವು ಕ್ವಾಣಿ ಕೊಡಲ್ಲ ಅಂದ್ರ ನಾ ಹಕ್ಕಿ ಇರೋ ಬೋನಾಳ ಕೆರೀಗೇ ಹೋಗಬೇಕು. ಅಲ್ಲಿ ಹಕ್ಕಿಗೋಳಿಗೆ ಏನು ಕಲಸ್ಲಿ? ಅವು ಮೊದಲೇ ಹಾರ್ತಾವ."

ನಮ್ಮಾಕೆ ನಕ್ಕು ಕೀಲಿಕೈ ಕೊಟ್ಟೇಬಿಟ್ಟಳು. ಬಾಡಿಗೆ ಮಾತು ಆಮೇಲೆ ಆಯಿತು.

ಎದುರುಮನೆಯ ಕಾಕಾ ಆಗಿನ್ನೂ ಗಟ್ಟಿಮುಟ್ಟಾಗಿದ್ದರು. ಓಣಿಗೆ ಅವರೇ ದೊಡ್ಡವರು. ಅವರು ಕೇಳಿಯೇ ಬಿಟ್ಟರು: "ಅಷ್ಟು ದೊಡ್ಡ ಊರು ಬಿಟ್ಟು ಈ ಕಲ್ಲುಗುಡ್ಡದಾಗ ಏನು ಸಿಗ್ತದ ನಿಮಗ?"

ಆಪಾ ತಡೆಯದೆ ಹೇಳಿದರು: "ಅಲ್ಲಿ ಕಲಿಯೋರು ಭಾಳ, ಗಾಡಿ ಓಡಸಾಕ ಜಾಗಾ ಇಲ್ಲ. ಇಲ್ಲಿ ಜಾಗಾ ಭಾಳ, ಕಲಿಯೋರು ಇಲ್ಲ. ಜಾಗಾ ಹುಟ್ಸೋದು ನನ್ನ ಕೈಲಿ ಆಗಂಗಿಲ್ಲ. ಕಲಿಯೋರನ್ನ ಹುಟ್ಸ್ತೀನಿ."

ಮುಂಜಾನೆ ಬಿಸಿಲು ಏರುವ ಮೊದಲೇ ಗುಡ್ಡದ ಕೆಳಗಿನ ಬಯಲಿನಲ್ಲಿ ಅವರ ಕೂಗು ಶುರುವಾಗುತ್ತಿತ್ತು. "ನಜರ್ ಮುಂದ! ಚಕ್ರ ನೋಡಬ್ಯಾಡ, ಚಕ್ರ ಎಲ್ಲಿಗೂ ಓಡಿ ಹೋಗಲ್ಲ! ನಜರ್ ಮುಂದ!" ಕಲಿಯುವವಳು ಗಾಡಿಯ ಮೇಲೆ, ಆಪಾ ಹಿಂದಿನ ಸೀಟು ಹಿಡಿದು ಹಿಂದೆ ಓಟ. ಅವರ ಮೈಗೆ ಆ ಓಟ ಹೇಗೆ ಬರುತ್ತಿತ್ತೋ ದೇವರೇ ಬಲ್ಲ. ಯಾವಾಗ ಕೈಬಿಟ್ಟರು ಅನ್ನುವುದು ಗಾಡಿಯ ಮೇಲಿದ್ದವಳಿಗೆ ಗೊತ್ತೇ ಆಗುತ್ತಿರಲಿಲ್ಲ. ದೂರ ಹೋದ ಮೇಲೆ ಹಿಂದಿನಿಂದ ಚಪ್ಪಾಳೆ ಕೇಳಿಸುತ್ತಿತ್ತು. ಆಗ ಗೊತ್ತಾಗಿ, ಹೆದರಿ, ಬಿದ್ದವರೂ ಇದ್ದಾರೆ.

ಸಂಜೆ ನಾನು ಗಿರಣಿ ಬಂದ್ ಮಾಡಿದ ಮೇಲೆ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು. ನಮ್ಮಾಕೆ ಹುರಿದ ಶೇಂಗಾದ ಬುಟ್ಟಿ ನಡುವೆ ಇಡುತ್ತಿದ್ದಳು. ಆಪಾ ಒಂದೊಂದೇ ಕಾಯಿ ಒಡೆಯುತ್ತ ಅವತ್ತಿನ ದಿನಕ್ಕೆ ಈ ಊರಿಗೆ ಒಂದು ಬೈಗುಳ ಬೈದು, ಒಂದು ಸಲಾಮ್ ಮಾಡುತ್ತಿದ್ದರು. ಅದು ಅವರ ಕಟ್ಟಳೆ. ಬೈಗುಳ ಮೊದಲು, ಸಲಾಮ್ ಆಮೇಲೆ.

"ಇವತ್ತಿಂದು ಬೈಗುಳ: ನಾ ಒಂದು ಬ್ರೆಡ್ ತಗೊಂಡ್ರ ಊರಿಗೆಲ್ಲ ಗೊತ್ತಾಗ್ತದ. 'ಆಪಾಗ ಜ್ವರ ಬಂದಾವ' ಅಂತ ಮೂರು ಮಂದಿ ಬಂದು ಕೇಳಿ ಹೋದ್ರು. ನಂಗ ಜ್ವರ ಇಲ್ಲ, ಬ್ರೆಡ್ ಬೇಕಾಗಿತ್ತು, ಅಷ್ಟ! ಇವತ್ತಿಂದು ಸಲಾಮ್: ಅವರಾಗ ಒಬ್ಬಾಕಿ ಗಂಜಿ ತಂದಿದ್ಲು. ಛಲೋ ಇತ್ತು, ಕುಡದೆ."

ಇನ್ನೊಂದು ದಿನ ಹೈದರಾಬಾದಿನ ಚಹಾ ನೆನೆಸಿಕೊಂಡು ನಮ್ಮ ಬಸ್ ನಿಲ್ದಾಣದ ಚಹಾಕ್ಕೆ ಬೈದರು. ನೀರು ಬರುವ ಹೊತ್ತಿಗೆ ಬೈದರು, ಕರೆಂಟು ಹೋಗುವ ಹೊತ್ತಿಗೆ ಬೈದರು. ಸಲಾಮ್ ಮಾತ್ರ ಹುಡುಕಿ ಹುಡುಕಿ ಮಾಡುತ್ತಿದ್ದರು. ಒಮ್ಮೆ ಏನೂ ಸಿಗದೆ ನಮ್ಮ ಗುಡ್ಡದ ಮೇಲೆ ಬಿದ್ದ ಸಂಜೆ ಬಿಸಿಲಿಗೇ ಸಲಾಮ್ ಮಾಡಿದರು. "ಅಲ್ಲಿ ನನ್ನ ಮನಿ ಕಿಡಕಿ ತಗದ್ರ ಎದುರು ಮನಿ ಗ್ವಾಡಿ ಕಾಣ್ತಿತ್ತು" ಅಂದರು.

ಹಲ್ಲು ನೋವಿನ ದಿನವನ್ನು ಇಲ್ಲಿ ಹೇಳಲೇಬೇಕು. ಆಗ ಇಲ್ಲಿ ಹಲ್ಲಿನ ಡಾಕ್ಟರ್ ಇರಲಿಲ್ಲ. ಆಪಾನ ಗಲ್ಲ ಊದಿ ಕುಂಬಳಕಾಯಿ ಆಗಿತ್ತು. ಯಾದಗಿರಿಗೆ ಬಸ್ಸಿನಲ್ಲಿ ಹೋಗಿ, ಹಲ್ಲು ಕೀಳಿಸಿಕೊಂಡು, ಬಾಯಿ ತುಂಬ ಹತ್ತಿ ತುರುಕಿಕೊಂಡು ಸಂಜೆಗೆ ವಾಪಸ್ ಬಂದರು. ಮಾತಾಡುವ ಹಾಗಿಲ್ಲ. ನಾವು ಇವತ್ತು ಮಲಗುತ್ತಾರೆ ಅಂದುಕೊಂಡರೆ, ಕಟ್ಟೆಗೆ ಬಂದು ಕೂತು, ಕೈಸನ್ನೆಯಲ್ಲೇ ಬೈದರು! ಗಲ್ಲ ತೋರಿಸಿದರು, ಸ್ಟೇರಿಂಗ್ ತಿರುಗಿಸಿ ಬಸ್ಸು ತೋರಿಸಿದರು, ಕುಲುಕಾಡಿ ರಸ್ತೆಯ ತಗ್ಗು ತೋರಿಸಿದರು, ಕೊನೆಗೆ ಹಣೆ ಚಚ್ಚಿಕೊಂಡರು. ನಾವೆಲ್ಲ ನಗುವುದನ್ನು ಕಂಡು ಅವರಿಗೂ ನಗು ಬಂದು, ನೋವಾಗಿ, ಮತ್ತೆ ಬೈದರು. ಸಲಾಮೂ ಸನ್ನೆಯಲ್ಲೇ: ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸೊಬ್ಬಳು ತನ್ನ ಹೆಗಲು ಕೊಟ್ಟು ಮಲಗಿಸಿಕೊಂಡಿದ್ದಳಂತೆ. ನನ್ನ ಮೊಮ್ಮಗಳು ಆಗ ಸಣ್ಣ ಕೂಸು. ಎಷ್ಟೋ ದಿನ ಅದೇ ಸನ್ನೆ ಮಾಡಿ ತೋರಿಸಿ ಎಲ್ಲರನ್ನೂ ನಗಿಸುತ್ತಿತ್ತು.

ಆಪಾ ಒಂದು ಮಾತು ಮೊದಲೇ ಹೇಳಿದ್ದರು. "ಯಾವ ದಿನ ಸಲಾಮ್ ಸಿಗಲ್ಲೋ, ಮರುದಿನ ಹೈದರಾಬಾದ್ ಬಸ್ ಹತ್ತತೀನಿ ಅಣ್ಣಾ. ಬೈಕೋತ ಒಂದು ಊರಾಗ ಇರಬಾರದು." ನಾವು ಅದನ್ನು ತಮಾಷೆ ಅಂದುಕೊಂಡಿದ್ದೆವು. ಆ ದಿನ ಬಂತು. ಬಂದದ್ದು ನಮ್ಮ ಮನೆಯಿಂದಲೇ.

ನನ್ನ ಸೊಸೆ, ಈ ಮೊಮ್ಮಗಳ ತಾಯಿ, ಬೋನಾಳದ ಕಡೆಯ ಹಳ್ಳಿಯ ಶಾಲೆಯಲ್ಲಿ ಟೀಚರ್. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ಹಬ್ಬ. ಮಗ ಶಹಾಪುರದ ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ, ಬಿಟ್ಟು ಬರಲು ಅವನಿಗೂ ಆಗುತ್ತಿರಲಿಲ್ಲ. ಸ್ಕೂಟಿ ಕಲಿಯಲಿ ಅಂದೆ. ಆಕೆ ಬಯಲಿನಲ್ಲಿ ಚೆನ್ನಾಗಿ ಕಲಿತಳು ಅಂತ ಆಪಾ ಹೇಳುತ್ತಿದ್ದರು. ನಾನು ನೋಡಲು ಹೋಗಿರಲಿಲ್ಲ. ನನ್ನೆದುರು ಆಕೆ ಗಟ್ಟಿಯಾಗಿ ಮಾತಾಡಿದವಳೂ ಅಲ್ಲ. ನಾನು ಕಂಡರೆ ಸೆರಗು ತಲೆಯ ಮೇಲೆ ಬರುತ್ತಿತ್ತು, ನಮ್ಮ ಓಣಿಯ ಎಲ್ಲ ಸೊಸೆಯಂದಿರ ಹಾಗೆ.

ಆ ಮುಂಜಾನೆ ಮೊದಲ ಸಲ ಬಯಲಿನಿಂದ ಓಣಿಯೊಳಗೆ ಗಾಡಿ ತಂದಳು. ಗಿರಣಿಯ ಮುಂದೆ ಹೆಂಗಸರ ಪಾಳಿ, ಕಟ್ಟೆಯ ಮೇಲೆ ನಾನು, ಕಾಕಾ, ಇನ್ನಿಬ್ಬರು ಹಿರಿಯರು. ಗಾಡಿ ನೆಟ್ಟಗೆ ಬರುತ್ತಿತ್ತು. ನನಗೆ ಎದೆ ಉಬ್ಬಿತು. ಆಕೆ ತಲೆ ಎತ್ತಿದಳು, ನನ್ನನ್ನು ಕಂಡಳು, ಕೈ ಹ್ಯಾಂಡಲ್ ಬಿಟ್ಟು ಸೆರಗಿಗೆ ಹೋಯಿತು!

ಗಾಡಿ ಒಂದು ಸಲ ಹೊರಳಿ ಡಬ್ಬಿಗಳ ಸಾಲಿಗೆ ನುಗ್ಗಿತು. ಬೀಸಿಟ್ಟ ಹಿಟ್ಟು ಮೇಲಕ್ಕೆದ್ದು ಯಾರು ಯಾರೆಂದು ಕಾಣದ ಹಾಗಾಯಿತು. ಹಿಟ್ಟು ಕೆಳಗಿಳಿದ ಮೇಲೆ ನೋಡಿದರೆ ಕಾಕಾನ ಮೀಸೆ ಬೆಳ್ಳಗಾಗಿದೆ, ಸೊಸೆ ನೆಲದ ಮೇಲೆ ಕೂತಿದ್ದಾಳೆ, ಮೊಣಕೈ ತರಚಿದೆ, ಆದರೆ ಸೆರಗು ತಲೆಯ ಮೇಲೆ ಸರಿಯಾಗಿದೆ.

"ನಾ ಅಂದಿದ್ದಿಲ್ಲೇನು?" ಕಾಕಾ ಮೀಸೆ ಜಾಡಿಸಿದರು. "ಇದು ನಮ್ಮೂರಿಗೆ ಹೊಂದಂಗಿಲ್ಲ. ಇದು ಹೈದರಾಬಾದಿನಾಗ ನಡೀತದ."

ಮಧ್ಯಾಹ್ನದೊಳಗೆ ಕಲಿಯಲು ಬರುತ್ತಿದ್ದವರ ಮನೆಗಳಿಂದ ಮಾತು ಬರತೊಡಗಿತು. ಒಬ್ಬಳಿಗೆ ಮೈ ಸರಿಯಿಲ್ಲ, ಒಬ್ಬಳ ಮನೆಗೆ ಬೀಗರು ಬರುವವರಿದ್ದಾರೆ, ಒಬ್ಬಳಿಗೆ ಅತ್ತೆ ಬೇಡ ಅಂದಿದ್ದಾಳೆ. ನಾಳೆ ಕಲಿಯಲು ಬರುತ್ತೇನೆ ಅನ್ನುವವಳು ಒಬ್ಬಳೂ ಉಳಿಯಲಿಲ್ಲ.

ಸಂಜೆ ಆಪಾ ಕಟ್ಟೆಗೆ ಬಂದರು. ಶೇಂಗಾ ಒಡೆದರು, ಬಾಯಿಗೆ ಹಾಕಲಿಲ್ಲ. "ಇವತ್ತಿಂದು ಬೈಗುಳ," ಅಂದರು, "ಈ ಊರಾಗ ಒಬ್ಬಾಕಿ ಬಿದ್ರ ಎಲ್ಲಾರೂ ಬಿದ್ದಂಗ. ಅಲ್ಲಿ ಬಿದ್ರ ಯಾರೂ ನೋಡಲ್ಲ. ಬಿದ್ದಾಕಿ ಎದ್ದು ಹೋಗ್ತಾಳ." ಸಲಾಮ್ ಬರಲಿ ಅಂತ ನಾವು ಕಾದೆವು. ಕೂಸು ಅವರ ತೊಡೆಯ ಮೇಲೆ ಕೂತು, "ಆಪಾ, ಸಲಾಮ್?" ಅಂತ ಕೇಳಿತು.

"ಸಿಗಲಿಲ್ಲ ಬೇಟಾ."

ಎದ್ದು ಹೋಗಿ ಹಾಸಿಗೆ ಸುತ್ತತೊಡಗಿದರು. ನಮ್ಮಾಕೆ ಕಣ್ಣು ಒರೆಸಿಕೊಂಡಳು. ಆಗ ಬಾಗಿಲ ಹಿಂದಿನಿಂದ ಸೊಸೆಯ ದನಿ ಬಂತು. ನನ್ನೊಂದಿಗೆ ಆಕೆ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು.

"ಮಾವಾರ, ಆಪಾಗ ಹೇಳ್ರಿ. ಮುಂಜಾನಿ ನಂದು ಪಾಠ ಅದ."

ಆಪಾಗೆ ಹೇಳುವ ಕೆಲಸವೇ ಉಳಿಯಲಿಲ್ಲ, ಅವರು ಹಾಸಿಗೆ ಬಿಟ್ಟು ಹೊರಗೆ ಬಂದಿದ್ದರು. "ಬಾ ಇಲ್ಲಿ. ಕೈ ಯಾಕ ಬಿಟ್ಟಿ? ಬಯಲಾಗ ಬಿಟ್ಟಿದ್ದಿಲ್ಲ."

"ಮಾವಾರು ಕುಂತಿದ್ರು."

"ಅದಕ್ಕ?"

"ಹಿರೇರ ಮುಂದ ಹಂಗ ಹೆಂಗ ಹಾದು ಹೋಗ್ಲಿ ಆಪಾ? ಸೊಕ್ಕು ಅನ್ನಂಗಿಲ್ಲೇನು?"

ಆಪಾ ಆಕೆಯ ಮುಖವನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅರೆ, ಹೈದರಾಬಾದಿನಾಗ ಲಾರಿಗಂಜಿ ಕೈ ಬಿಟ್ಟೋರನ್ನ ನೋಡೀನಿ, ಪೊಲೀಸರಿಗಂಜಿ ಬಿಟ್ಟೋರನ್ನ ನೋಡೀನಿ. ಮರ್ಯಾದಿ ಕೊಡಾಕ ಕೈ ಬಿಟ್ಟಾಕಿ ನೀನೊಬ್ಬಾಕಿ!" ನಾನು ಅಂದುಕೊಂಡೆ, ಇನ್ನು ಸೆರಗು ಬಿಡು ಅನ್ನುತ್ತಾರೆ, ಮನೆಯಲ್ಲಿ ಇನ್ನೊಂದು ಜಗಳ ಆಗುತ್ತದೆ. ಆಪಾ ಹಾಗೆ ಅನ್ನಲಿಲ್ಲ. "ಮರ್ಯಾದಿ ಬಿಡೋದು ನಕ್ಕೋ, ಬ್ಯಾಡ. ಸೆರಗಿಗೆ ಮನ್ಯಾಗೇ ಪಿನ್ ಹಾಕ್ಕೊ. ಶರಣು ಹೇಳಾಕ ಕೈ ಯಾಕ ಬೇಕು? ಹೆಬ್ಬೆರಳು ಸಾಕು. ಹಾರ್ನ್ ಅದ ಅಲ್ಲ!"

ಮರುದಿನ ಕಟ್ಟೆಯ ಮೇಲೆ ಅದೇ ಹಿರಿಯರು. ಗಾಡಿ ಓಣಿಗೆ ತಿರುಗಿದ್ದು ಕಂಡು ಹೆಂಗಸರು ಡಬ್ಬಿ ಎತ್ತಿಕೊಂಡು ಗೋಡೆಗೆ ಒತ್ತಿ ನಿಂತರು. ಸೊಸೆ ಬಂದಳು. ತಲೆಯ ಮೇಲೆ ಪಿನ್ ಹಾಕಿದ ಸೆರಗು, ಎರಡೂ ಕೈ ಹ್ಯಾಂಡಲ್ ಮೇಲೆ, ಮುಖ ಕೆಂಪು. ಆಪಾ ಹಿಂದೆ ಓಡುತ್ತಿರಲಿಲ್ಲ. ಓಣಿಯ ತಿರುವಿನಲ್ಲೇ ನಿಂತಿದ್ದರು. ಗಾಡಿ ನಮ್ಮೆದುರು ಬಂದಾಗ "ಪೀಂ" ಅಂತ ಸಣ್ಣದೊಂದು ಹಾರ್ನ್ ಆಯಿತು. ದಾರಿ ಬಿಡಿ ಅನ್ನುವ ಹಾರ್ನ್ ಅಲ್ಲ ಅದು. ಬಗ್ಗಿ ಬಂದ ಹಾಗಿತ್ತು.

ಎಲ್ಲರೂ ನನ್ನ ಮುಖ ನೋಡಿದರು. ನಾನು ಎದ್ದು ನಿಂತೆ. ಹಿಟ್ಟು ಮೆತ್ತಿದ ಕೈ ಎತ್ತಿ ಹಣೆಗೆ ಮುಟ್ಟಿಸಿ, ಗಿರಣಿಯ ಸದ್ದಿಗಿಂತ ಗಟ್ಟಿಯಾಗಿ, "ಶರಣ್ರೀ!" ಅಂದೆ.

"ಏ, ಸೊಸಿಗೆ ಶರಣು ಮಾಡ್ತೀಯೇನೋ?" ಕಾಕಾ ಬಾಯಿ ತೆರೆದರು.

"ಆಕಿ ಮೊದಲ ಮಾಡ್ಯಾಳ ಕಾಕಾ, ನಾ ತಿರುಗಿ ಮಾಡೀನಿ. ಹೆಣ್ಮಗಳು ಮಾಡಿದ ಶರಣಿಗೆ ಸುಮ್ಮ ಕುಂತ್ರ ನಮಗ ಸೊಕ್ಕು ಅಂತಾರ. ನೀವೂ ಎತ್ತರಿ ಕೈ."

ಕಾಕಾ ಅತ್ತಿತ್ತ ನೋಡಿದರು. ಪಾಳಿಯಲ್ಲಿದ್ದ ಹೆಂಗಸರೆಲ್ಲ ಅವರನ್ನೇ ನೋಡುತ್ತಿದ್ದರು. ತಡೆದು ತಡೆದು ಕೈ ಎತ್ತಿದರು. ಅಷ್ಟು ಹೊತ್ತಿಗೆ ಗಾಡಿ ಮುಂದೆ ಹೋಗಿತ್ತು, ಆದರೂ ಎತ್ತಿದರು.

ಆ ಸಂಜೆ ಆಪಾ ಕಟ್ಟಳೆ ಮುರಿದು ಸಲಾಮನ್ನೇ ಮೊದಲು ಹೇಳಿದರು. "ಅಲ್ಲಿ ಹಾರ್ನ್ ಹೊಡದ್ರ ಬೈಗುಳ ಬರ್ತಾವ. ಇಲ್ಲಿ ಹಾರ್ನ್ ಹೊಡದ್ರ ಶರಣು ಬರ್ತದ. ಇನ್ನ ನಾ ಎಲ್ಲಿಗೂ ಹೋಗಲ್ಲ ಅಣ್ಣಾ." ಆಮೇಲೆ ಇನ್ನೊಂದು ಮಾತು ಸೇರಿಸಿದರು. "ನಿನ್ನಿ ಸಲಾಮ್ ಸಿಗಲಿಲ್ಲ ಅಂದಿದ್ದೆ. ಸಿಗಲಿ ಅಂತ ಕುಂತಿದ್ದೇ ತಪ್ಪು. ಸಿಗದ ದಿನ ನಾವೇ ಮಾಡ್ಕೋಬೇಕು." ಸುತ್ತಿದ ಹಾಸಿಗೆ ಮತ್ತೆ ಬಿಚ್ಚಿಕೊಂಡಿತು.

ಮೈ ಸರಿಯಿಲ್ಲದವಳಿಗೆ ಬೇಗ ಮೈ ಸರಿಯಾಯಿತು, ಬೀಗರು ಬಂದವರು ಬೇಗ ಹೋದರು. ಆಪಾನ ಹೆಣ್ಣುಮಕ್ಕಳು ಒಬ್ಬೊಬ್ಬರೇ ಯಾದಗಿರಿಗೆ ಹೋಗಿ ಲೈಸೆನ್ಸ್ ತಂದರು. ಹಿರಿಯರು ಕಂಡಲ್ಲಿ ಸಣ್ಣ ಹಾರ್ನ್ ಮಾಡುವುದು ನಮ್ಮ ಕಡೆ ರೂಢಿಯೇ ಆಯಿತು. ಮುಂದೆ ಮುಂದೆ ಅದು ಎಷ್ಟು ಬೆಳೆಯಿತೆಂದರೆ, ಕಾಕಾನೇ ಒಂದು ದಿನ ಗಿರಣಿಗೆ ಬಂದು ತಕರಾರು ಹೇಳಿದರು: "ನಿನ್ನ ಸೊಸಿ ಇವತ್ತು ನನಗ ಹಾರ್ನ್ ಹೊಡೀಲಿಲ್ಲ. ನಾ ಏನು ಮಾಡೀನಿ ಆಕಿಗೆ?" ಹಾರ್ನ್ ಕೆಟ್ಟಿದೆ ಅಂತ ತಿಳಿಸಿ ಹೇಳುವಷ್ಟರಲ್ಲಿ ನನಗೆ ಸಾಕಾಯಿತು.

ಆಪಾ ಬೈಯುವುದನ್ನು ಮಾತ್ರ ಬಿಡಲಿಲ್ಲ. ಇಲ್ಲಿಯೇ ವಯಸ್ಸಾಗಿ, ಇಲ್ಲಿಯೇ ಮೊಣಕಾಲು ನೋವು ಬಂದು, ಹಿಂದೆ ಓಡಲು ಆಗದೆ ಬಯಲಿನಲ್ಲಿ ಕುರ್ಚಿ ಹಾಕಿಕೊಂಡು ಕೂತು "ನಜರ್ ಮುಂದ" ಅಂತ ಕೂಗಿದರು. ಕೊನೆಗೆ ಮಲಗಿದಾಗ ಅವರ ತಮ್ಮ ಬಂದು ಹೈದರಾಬಾದಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲಿ ದೊಡ್ಡ ದವಾಖಾನೆ ಇದೆ ಅಂದರು. ಅದೂ ಖರೆಯೇ. ನಾನೂ ಹೋಗಿರಿ ಅಂದೆ. ಆಪಾ ತಲೆ ಅಲ್ಲಾಡಿಸಿದರು. "ಅಲ್ಲಿ ಮಷೀನು ಛಲೋ ಅವ, ಗೊತ್ತದ. ಅದು ಈ ಊರಿಗೆ ನನ್ನ ಬೈಗುಳ, ಬರಕೊಳ್ರಿ. ಆದ್ರ ಅಲ್ಲಿ ಕಿಡಕಿ ತಗದ್ರ ಗ್ವಾಡಿ." ಅವರನ್ನು ಕಬರಸ್ತಾನಕ್ಕೆ ಎತ್ತಿಕೊಂಡು ಹೋದ ದಿನ ನಮ್ಮ ಓಣಿಯ ಯಾವ ಹೆಣ್ಣುಮಗಳೂ ಗಾಡಿ ಶುರು ಮಾಡಲಿಲ್ಲ. ಕೆಲಸಕ್ಕೆ ಹೋಗಲೇಬೇಕಾದವರು ಗಾಡಿಯನ್ನು ತಳ್ಳಿಕೊಂಡೇ ಓಣಿ ದಾಟಿದರು.

ಮೊನ್ನೆ ಮೊಮ್ಮಗಳು ದವಾಖಾನೆಗೆ ಜಾಗ ನೋಡಲು ಬಂದಿದ್ದಳು. ಇಡೀ ದಿನ ಅಲೆದು ಸಂಜೆ ಕಟ್ಟೆಗೆ ಬಂದು ಕೂತಳು. ನಾನು ಏನೂ ಕೇಳದಿದ್ದರೂ ಆಕೆಯೇ ಶುರು ಮಾಡಿದಳು.

"ಇವತ್ತಿಂದು ಬೈಗುಳ ಮುತ್ಯಾ. ಜಾಗಾ ಕೇಳಾಕ ಹೋದ್ರ ಯಾರ ಮಗಳು ಅಂತಾರ, ಲಗ್ನ ಯಾವಾಗ ಅಂತಾರ, ಹೈದರಾಬಾದ್ ಯಾಕ ಬಿಟ್ಟಿ ಅಂತಾರ. ಜಾಗಾದ ಮಾತೊಂದು ಬಿಟ್ಟು ಎಲ್ಲಾ ಮಾತಾಡ್ತಾರ. ಅಲ್ಲಿ ಹಿಂಗ ಯಾರೂ ಕೇಳಂಗಿಲ್ಲ."

"ಸಲಾಮ್?" ಅಂದೆ. ಸಿಗದಿದ್ದರೆ ಈಕೆಯೂ ಹೈದರಾಬಾದ್ ಬಸ್ ಹತ್ತಿಯಾಳು ಅಂತ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಆಕೆ ಯೋಚಿಸಿದಳು. ಗುಡ್ಡದ ಕಡೆ ನೋಡಿದಳು. ಎದ್ದು ಒಳಗೆ ಹೋದಳು. ಹೈದರಾಬಾದಿಗೆ ವಾಪಸ್ ಹೋಗುವ ಚೀಲ ಒಳಗೇ ಇತ್ತು.

ಹೊರಗೆ ಬಂದವಳ ಕೈಯಲ್ಲಿ ಚೀಲ ಇರಲಿಲ್ಲ, ಅವರವ್ವನ ಸ್ಕೂಟಿಯ ಕೀಲಿ ಇತ್ತು. ಗಾಡಿ ಹತ್ತಿ ಓಣಿಯ ತುದಿಯವರೆಗೆ ಹೋಗಿ ತಿರುಗಿಸಿಕೊಂಡು ಬಂದಳು. ಎದುರುಮನೆಯ ಕಾಕಾ ಈಗ ಮುದುಕರಾಗಿ ಬಾಗಿಲಲ್ಲಿ ಮಂಚದ ಮೇಲೆ ಕೂತಿರುತ್ತಾರೆ. ಅವರ ಮುಂದೆ ಸಣ್ಣದೊಂದು ಹಾರ್ನ್ ಆಯಿತು. ಕಾಕಾನ ಕೈ ಮೇಲೆದ್ದು ಹಣೆಗೆ ಮುಟ್ಟಿತು.

ಮೊಮ್ಮಗಳು ಗಾಡಿ ನಿಲ್ಲಿಸಿ ಓಡಿ ಬಂದಳು. "ಮುತ್ಯಾ, ಕಾಕಾಗ ಕಿವಿ ಪೂರಾ ಹೋಗ್ಯಾವ ಅಂದಿದ್ದಿ. ಹಾರ್ನ್ ಹ್ಯಾಂಗ ಕೇಳ್ತು?"

"ಕೇಳಂಗಿಲ್ಲವ್ವಾ. ಹೆಣ್ಮಗಳು ಗಾಡಿ ಮ್ಯಾಲ ಬಂದ್ರ ಸಾಕು, ಆಕಿ ಹೊಡದೇ ಹೊಡೀತಾಳ ಅಂತ ಎತ್ತತಾರ."

ಆಕೆ ಕಟ್ಟೆಯ ಮೇಲೆ, ಆಪಾ ಕೂರುತ್ತಿದ್ದ ಮಗ್ಗುಲಿಗೆ, ಕಾಲು ಮಡಚಿ ಕೂತಳು. "ಹಂಗಾದ್ರ ಇವತ್ತಿಂದು ಸಲಾಮ್ ಅದ" ಅಂದಳು. "ಮೊದಲ ಕಾಕಾಂದೇ ಹಲ್ಲು ನೋಡ್ತೀನಿ. ಜಾಗಾ ಸಿಕ್ಕೇ ಸಿಗ್ತದ, ಮುಂಜಾನಿ ಬೋರ್ಡ್ ಬರಸಾಕ ಹೋಗೂಣು, ನಡಿ ನನ್ನ ಹಿಂದ ಕುಂತು."

ನಾನು ಶೇಂಗಾದ ಬುಟ್ಟಿಯನ್ನು ಆಕೆಯ ಕಡೆ ಸರಿಸಿದೆ.